ಟಪ್ಪಾಲಿಗಿಂತ ಮೊದಲು

ಬಜ್ಪೆಯಲ್ಲಿ ವಿಮಾನದಿಂದ ಯಜ್ಞೇಶ್ವರ ಒಬ್ಬನೇ ಇಳಿದು ಬಂದ. ಕರೆದೊಯ್ಯಲು ಬಂದಿದ್ದ ಬಾಡಿಗೆ ಕಾರಿನ ಹೈದರ್ ಇನ್ನೂ ವಿಮಾನದ ಕಡೆಗೇ ನೋಡುತ್ತಿದ್ದ.

"ಶ್ರೀಕೃಷ್ಣಣ್ಣ ಎಲ್ಲಿ? ಪಂಜದವ್ರು ಇಬ್ಬರು ಅಂತ ಹೇಳಿದ್ರಲ್ಲ?"

"ರಜೆ ಸಿಕ್ಕಲಿಲ್ಲ."

"ತಮ್ಮನ ಮಗಳ ಮದುವೆಗೂ ರಜೆ ಇಲ್ವಾ? ಎಂತ ಆಪೀಸು ಮಾರಾಯ್ರೆ ಅದು!"

ಯಜ್ಞೇಶ್ವರ ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿದ. ಮುಚ್ಚಿದರೂ ಉರಿಯುತ್ತಿತ್ತು. ನಿನ್ನೆ ಸಂಜೆ ಕಲ್ಕತ್ತೆಯ ಘಾಟಿನಲ್ಲಿ ಶ್ರೀಕೃಷ್ಣಯ್ಯನ ಚಿತೆಯ ಹೊಗೆ ಕುಡಿದ ಕಣ್ಣುಗಳು. ಇಬ್ಬರದೂ ಒಂದೇ ಊರು, ಒಂದೇ ಆಫೀಸು. ಮದುವೆಗೆಂದು ಒಟ್ಟಿಗೆ ಟಿಕೇಟು ತೆಗೆದಿದ್ದರು. ಶ್ರೀಕೃಷ್ಣಯ್ಯನ ಹೆಂಡತಿ ದೇವಕಿ ಅತ್ತು ಮುಗಿಸುವ ಮೊದಲೇ ಹೇಳಿದ್ದಳು: "ನೀನು ಹೋಗು. ಧಾರೆ ಆಗುವವರೆಗೆ ಬಾಯಿ ಬಿಡ್ಬೇಡ. ನಾನು ತಂತಿ ಕೊಡುದಿಲ್ಲ, ಕಾಗದ ಹಾಕ್ತೇನೆ."

ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ, ಕೇಳದವರಿಗೆ ಇಲ್ಲ. ಅಣ್ಣ ಸತ್ತದ್ದು ತಮ್ಮನಿಗೆ ತಿಳಿದರೆ ನಾಳೆಯ ಮದುವೆ ನಿಂತಂತೆ. ಅಜ್ಜಿ ತೀರಿದಾಗ ಒಮ್ಮೆ ಮುಂದೆ ಹೋದ ಮದುವೆ ಅದು. ಇನ್ನೊಮ್ಮೆ ಹೋದರೆ ಬೇರೆ ಹೆಣ್ಣು ನೋಡುತ್ತೇವೆಂದು ಗಂಡಿನ ಕಡೆಯವರು ಹೇಳಿಯೇ ಬಿಟ್ಟಿದ್ದರು.

ಪಂಜದ ಚಪ್ಪರದಲ್ಲಿ ನೆಂಟರು ಅವನನ್ನು ಸುತ್ತುವರಿದರು.

"ಕಲ್ಕತ್ತೆಗೆ ವಿಮಾನದಲ್ಲಿ ಎಷ್ಟು ದೂರ ಉಂಟು?"

"ಸಾವಿರದ ಇನ್ನೂರು ಮೈಲು."

"ಎಷ್ಟು ಹೊತ್ತು?"

"ಬೆಳಿಗ್ಗೆ ಹೊರಟೆ. ಮದ್ರಾಸಿನಲ್ಲಿ ಕಾದದ್ದೂ ಸೇರಿ ಒಂದೇ ಹಗಲು."

"ಹಾಗಾದ್ರೆ ಕಲ್ಕತ್ತೆಯಲ್ಲಿ ಸ್ನಾನ, ಪಂಜದಲ್ಲಿ ಊಟ!" ಎಂದು ಯಾರೋ ನಕ್ಕರು.

ಹೌದು, ಸ್ನಾನ ಅಲ್ಲಿಯೇ ಆಗಿತ್ತು.

ವಧುವಿನ ತಂದೆ ತಿರುಮಲೇಶ್ವರ ಕಾಲಿಗೆ ನೀರು ಕೊಟ್ಟು ಮೆಲ್ಲಗೆ ಕೇಳಿದ: "ಅಣ್ಣ ಹೇಗಿದ್ದಾನೆ?"

ಯಜ್ಞೇಶ್ವರ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ರಜೆಯ ಮಾತನ್ನು ಮಾತ್ರ. ಬಾಯಿ ತೆರೆದ. ಆ ಮುಖ ನೋಡಿದ ತಿರುಮಲೇಶ್ವರ ತಟ್ಟನೆ ಕೈ ಎತ್ತಿದ.

"ಬೇಡ. ಹೇಳ್ಬೇಡ."

ಚೆಂಬಿನಲ್ಲಿ ಉಳಿದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದ.

"ಕಲ್ಕತ್ತೆಯಿಂದ ಕಾಗದ ಬರ್ಲಿಕ್ಕೆ ಎಷ್ಟು ದಿನ ಬೇಕು?"

"ನಾಲ್ಕೈದು."

"ನೀನು ಬೇಗ ಬಂದೆ ಮಾರಾಯ. ಕಾಗದ ಇನ್ನೂ ದಾರಿಯಲ್ಲಿ ಉಂಟು."

ಹಾಗೆಂದು ಚಪ್ಪರಕ್ಕೆ ಹೋಗಿ, ಗ್ಯಾಸ್‌ಲೈಟು ಓರೆಯಾಗಿ ಕಟ್ಟಿದವನಿಗೆ ದೊಡ್ಡ ದನಿಯಲ್ಲಿ ಬೈಯತೊಡಗಿದ.

ಮರುದಿನ ಯಜ್ಞೇಶ್ವರ ಹಿಂದಿನ ಕಂಬಕ್ಕೊರಗಿ ಕುಳಿತ. ಮಂಟಪದಲ್ಲಿ ಮದುಮಗಳು ವಾಸಂತಿಯ ತಲೆ ತಗ್ಗಿತ್ತು. ತಂದೆ ಗಿಂಡಿ ಎತ್ತಿ ಧಾರೆ ಎರೆಯುವುದು ಯಜ್ಞೇಶ್ವರನ ಕಣ್ಣಿಗೆ ಮಸುಕಾಗಿ ಕಂಡಿತು. ಗಟ್ಟಿಮೇಳದ ನಡುವೆಯೇ ನಿದ್ದೆ ಹತ್ತಿತು.

ಭುಜದ ಮೇಲೆ ಒದ್ದೆ ಕೈಯೊಂದು ಬಿದ್ದಾಗ ಎಚ್ಚರಾಯಿತು. ತಿರುಮಲೇಶ್ವರ ಪಕ್ಕದಲ್ಲಿ ನೆಲಕ್ಕೆ ಕುಳಿತಿದ್ದ. ಧಾರೆಯ ನೀರು ಇನ್ನೂ ಬೆರಳುಗಳಿಂದ ತೊಟ್ಟಿಕ್ಕುತ್ತಿತ್ತು.

"ಹ್ಞೂಂ," ಎಂದ. "ಈಗ ಹೇಳು."