ಗಟ್ಟಿಯಾಗುವ ಬಿಸಿ

ಗರಗಸ ನಿಲ್ಲಿಸಿ, ಪ್ಲಾಸ್ಟರಿನ ಎರಡು ಹೋಳುಗಳನ್ನು ಬಿಡಿಸಿ, ಒಳಗಿನ ಹತ್ತಿ ಎತ್ತಿದವನು ಮತ್ತೆ ಹಾಗೆಯೇ ಮುಚ್ಚಿಬಿಟ್ಟ. ಆದರೆ ಕಾಣಬೇಕಾದ್ದು ಕಂಡಾಗಿತ್ತು. ಟೀಚರ ಮುಂಗೈಯ ಅಡಿಯಲ್ಲಿ, ಪ್ಲಾಸ್ಟರ್ ಹಾಕಿದ ದಿನ ದಿಂಬಿಗೆ ಒತ್ತಿಕೊಂಡಿದ್ದ ಕಡೆ, ಚರ್ಮ ಸುಟ್ಟು ಗುಳ್ಳೆ ಒಡೆದು ಹಸಿಹಸಿಯಾಗಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಕರೆಯುತ್ತಿದ್ದುದೇ ಸಿಮೆಂಟಣ್ಣ ಎಂದು. ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವುದರಲ್ಲಿ ಇಪ್ಪತ್ತಾರು ವರ್ಷದ ಅನುಭವ. ಬಾಯಿ ಅದಕ್ಕಿಂತ ದೊಡ್ಡದು. ಯಾರಾದರೂ "ಬಿಸಿಯಾಗ್ತಿದೆ" ಅಂದರೆ ಸಾಕು, ಪಾಠ ಶುರು. "ಇದು ಮೂಲದಲ್ಲಿ ಕಲ್ಲು ಕಣ್ರಿ. ಕಾಯಿಸಿ, ಒಳಗಿನ ನೀರು ಓಡಿಸಿ ಪುಡಿ ಮಾಡಿರ್ತಾರೆ. ಆ ನೀರು ವಾಪಸ್ ಕೊಟ್ರೆ ಒಂದನ್ನೊಂದು ಹಿಡ್ಕೊಂಡು ಮತ್ತೆ ಕಲ್ಲಾಗತ್ತೆ. ಹಿಡ್ಕೊಳ್ಳೋವಾಗ ಶಾಖ ಬಿಡತ್ತೆ." ಪಾಠ ಅವನ ಸ್ವಂತದ್ದೇನಲ್ಲ. ಒಂಬತ್ತನೇ ತರಗತಿಯಲ್ಲಿ ಇದೇ ಟೀಚರು ಹೇಳಿಕೊಟ್ಟದ್ದು.

ಹತ್ತು ದಿನದ ಹಿಂದೆ ಅವರು ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡು ಬಂದಾಗ ಇವನಿಗೆ ಮಧ್ಯಾಹ್ನ ಒಂದು ಗಂಟೆಯ ಬಸ್ಸಿನ ಧ್ಯಾನ. ತಣ್ಣೀರಲ್ಲಿ ಅದ್ದಿದರೆ ಪ್ಲಾಸ್ಟರ್ ಪಟ್ಟಿ ಗಟ್ಟಿಯಾಗುವುದು ನಿಧಾನ. ಚಹಾಕ್ಕೆಂದು ಕಾಯಿಸಿದ್ದ ನೀರನ್ನು ಬಕೆಟ್ಟಿಗೆ ಸುರಿದ.

"ತುಂಬಾ ಸುಡ್ತಿದೆಯಲ್ಲೋ," ಎಂದಿದ್ದರು ಅವರು.

"ಬಂಧ ಕೂಡೋವಾಗ ಶಾಖ ಬರತ್ತೆ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಟೀಚರ್?"

"ಪರವಾಗಿಲ್ವೇ, ನೆನಪಿಟ್ಕೊಂಡಿದ್ದೀಯ!" ಎಂದು ನಕ್ಕು, ಆಮೇಲೆ ಹಲ್ಲು ಕಚ್ಚಿ ಕೂತರು. ಅವನಿಗೆ ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಒಳಗೆ ಉರಿ ಎಂದು ಟೀಚರು ಇಂದು ಮತ್ತೆ ಬಂದಿದ್ದರು. ಈಗ ಡಾಕ್ಟರು ಬಂದು ಬಗ್ಗಿ ನೋಡಿದರು. "ಏನ್ರೀ ಇದು?"

"ಕೆಲವರಿಗೆ ಪ್ಲಾಸ್ಟರ್ ಒಗ್ಗಲ್ಲ ಸಾರ್. ಚರ್ಮ ಸೂಕ್ಷ್ಮ." ಮಾತು ಬಾಯಿಂದ ತಾನಾಗಿಯೇ ಉದುರಿತು.

"ಮೊದಲೂ ಹೀಗಾಗಿತ್ತೇನಮ್ಮಾ?"

ಟೀಚರು ಇವನ ಮುಖ ನೋಡಿದರು. "ಇಲ್ಲಪ್ಪ. ವಯಸ್ಸಾಯ್ತಲ್ಲ, ಇದ್ದರೂ ಇರಬಹುದು."

ಡಾಕ್ಟರು ಚೀಟಿಯಲ್ಲಿ ಹಾಗೆಯೇ ಬರೆದರು. ಗಾಯಕ್ಕೆ ಔಷಧಿ ಹಚ್ಚಿ ಕಟ್ಟಿ, ಅದು ಮುಟ್ಟದ ಹಾಗೆ ಮೇಲುಗಡೆ ಮಾತ್ರ ಹೊಸ ಪ್ಲಾಸ್ಟರ್ ಇಡಲು ಹೇಳಿ ಹೋದರು. ಅವನಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲದಲ್ಲಿ ಬಿದ್ದಿದ್ದ ಬಿಳಿ ಪುಡಿಯನ್ನು ಚಪ್ಪಲಿಯ ತುದಿಯಿಂದ ಸವರುತ್ತ ನಿಂತ.

"ನೀರು ಬಿಸಿ ಇತ್ತಲ್ವೇನೋ?"

"ಇತ್ತು ಟೀಚರ್." ಐವತ್ತರ ಗಂಡಸಿನ ದನಿ ಒಂಬತ್ತನೇ ತರಗತಿಗೆ ಇಳಿದಿತ್ತು. "ಬಸ್ಸಿಗೆ ಹೊತ್ತಾಗಿತ್ತು."

"ನಂಗೆ ಅವತ್ತೇ ಅನುಮಾನ ಬಂದಿತ್ತು. ಹೇಳೋಣ ಅಂದ್ಕೊಂಡೆ. ನೀನು ನನ್ನ ಪಾಠನೇ ಒಪ್ಪಿಸಿಬಿಟ್ಟೆ ನೋಡು, ಖುಷಿಯಾಗೋಯ್ತು." ಮೇಜಿನ ಮೇಲಿದ್ದ ಚೀಟಿಯತ್ತ ನೋಡಿ, "ತಪ್ಪು ಉತ್ತರಾನ ಏನು ಮಾಡಬೇಕು ಅಂತ ಹೇಳ್ತಿದ್ದೆ?" ಎಂದರು.

"ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿ ಬರೀಬೇಕು."

"ಚೀಟಿ ಅಲ್ಲೇ ಇದೆ."

ಚೀಟಿ ಹಿಡಿದು ಡಾಕ್ಟರ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು. ಅವನು ಒಪ್ಪಿಕೊಂಡ ಒಂದೊಂದು ಮಾತೂ ಹೊರಗಿನ ಬೆಂಚಿನಲ್ಲಿದ್ದವರಿಗೆ ಕೇಳಿಸಿತು. ಹಿಂದಿರುಗುವಾಗ ಯಾರೂ ಅವನನ್ನು ಸಿಮೆಂಟಣ್ಣ ಎಂದು ಕರೆಯಲಿಲ್ಲ.

ನಲ್ಲಿಯಿಂದ ತಣ್ಣೀರು ಹಿಡಿದು ತಂದು ಹೊಸ ಪಟ್ಟಿ ಬಿಚ್ಚಿದ. ಅದ್ದಬೇಕೆನ್ನುವಷ್ಟರಲ್ಲಿ ಟೀಚರು, "ತಡಿ," ಎಂದರು. ಕುರ್ಚಿಯಲ್ಲೇ ಬಾಗಿ ಸರಿಯಿದ್ದ ಕೈಯನ್ನು ಬಕೆಟ್ಟಿಗೆ ಇಳಿಬಿಟ್ಟರು. ಬೆರಳುಗಳು ನೀರಲ್ಲಿ ಒಂದು ಸುತ್ತು ತಿರುಗಿ, ತಳ ಮುಟ್ಟಿ ನಿಂತವು. ಅವರು ಕೈ ಹೊರಗೆ ತೆಗೆಯುವ ತನಕ ಅವನು ಒಣ ಪಟ್ಟಿ ಹಿಡಿದುಕೊಂಡು ನಿಂತೇ ಇದ್ದ.