ಮೂಡಿಯಾಯ್ತು

ನಮ್ಮ ತೋಟದ ಮೂಲೆಯಲ್ಲಿ ಒಂದು ತಗಡಿನ ಶೆಡ್ ಇದೆ. ಅದರ ಮಾಡು, ಅಂದರೆ ಸೂರು, ಗಾಲಿಗಳ ಮೇಲೆ ಪಕ್ಕಕ್ಕೆ ಜಾರುತ್ತದೆ, ಮಿಲ್ಲಿನ ಗೇಟು ಜಾರುವ ಹಾಗೆ. ವೆಲ್ಡಿಂಗ್ ನನ್ನದೇ. ಈಗ ಅದರೊಳಗೆ ತೆಂಗಿನ ಮಟ್ಟೆ, ಕೆಟ್ಟುಹೋದ ಮದ್ದಿನ ಸ್ಪ್ರೇಯರು, ಕಾಲು ಮುರಿದ ಮಂಚ ಬಿದ್ದಿವೆ. ಹೋದ ಐಪ್ಪಸಿ ತಿಂಗಳ ಮಳೆ ಹಿಡಿಯುವವರೆಗೆ ಅಲ್ಲಿ ಕೊಯಮತ್ತೂರಿನ ಖಗೋಳ ಕ್ಲಬ್ಬಿನ ದೂರದರ್ಶಕ ನಿಂತಿತ್ತು. ಅದನ್ನು ಒಡೆದದ್ದು ಒಂದು ಪದ. ಕಲ್ಲಲ್ಲ, ಮಳೆಯಲ್ಲ, ನಮ್ಮಜ್ಜಿಯಂತೂ ಅಲ್ಲ.

ನಾನು ಮಡತ್ತುಕುಳಂನ ನಂಜುಂಡನ್. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ, ವಾತ್ಯಾರರ ಬೆತ್ತ ಕಿತ್ತುಕೊಂಡು ಮುರಿದದ್ದೇ ಕೊನೆ. ಪೋತ್ತನೂರಿನ ಹತ್ತಿರ ಒಂದು ಶೆಡ್ಡಿನಲ್ಲಿ ವೆಲ್ಡರ್. ವಾರವೆಲ್ಲ ಅಲ್ಲೇ ಇದ್ದು, ರಜೆಗೆ ಊರಿಗೆ ಬರುತ್ತೇನೆ. ಕೊಯಮತ್ತೂರಿನ ಆರ್.ಎಸ್. ಪುರಂನ ರಾಮ್‌ಕುಮಾರ್ ಸಾರ್ ಅವರ ಮಹಡಿಯ ಮೇಲೆ ದೂರದರ್ಶಕಕ್ಕೆ ಕಬ್ಬಿಣದ ಕಂಬ ನಿಲ್ಲಿಸಲು ಹೋದವನು, ಅವರು ತೋರಿಸಿದ ಒಂದು ನಕ್ಷತ್ರಗುಚ್ಛ ನೋಡಿ ಅಲ್ಲೇ ಉಳಿದೆ. ಸಾರ್ ಆ ಕ್ಲಬ್ಬಿನ ಸೆಕ್ರೆಟರಿ. ಈ ಊರಿನ ಬೆಳಕಿನಲ್ಲಿ ಗ್ಯಾಲಕ್ಸಿಯ ಫೋಟೋ ತೆಗೆಯುವುದು ಮದುವೆಮನೆಯ ಮೈಕಿನ ಪಕ್ಕ ಕೂತು ಗುಟ್ಟು ಕೇಳಿದ ಹಾಗೆ ಅಂತ ಅವರು ಗೊಣಗುತ್ತಿದ್ದರು. ನಮ್ಮ ತೋಟ ಕತ್ತಲೆಯಾಗಿದೆ ಅಂದೆ. ಬಂದು ನೋಡಿದರು, ಶೆಡ್ ಎದ್ದಿತು.

ಅವರ ಜೊತೆ ಬಂದವರಲ್ಲಿ ಸೋಮಶೇಖರ ಅಂತ ಒಬ್ಬರು. ಹಾಸನದ ಕಡೆಯವರು, ಪಂಪ್‌ಸೆಟ್ ಕಂಪನಿಯಲ್ಲಿ ಎಂಜಿನಿಯರ್. ಮೊದಲ ದಿನ ಅಜ್ಜಿ ಎಮ್ಮೆಯನ್ನು ಬೈಯುತ್ತಿದ್ದಳು. ಟ್ರೈಪಾಡ್ ಹೊತ್ತು ಬರುತ್ತಿದ್ದ ಮನುಷ್ಯ ಹಾಗೇ ನಿಂತುಬಿಟ್ಟರು.

"ಅಜ್ಜಿ, ನೀವು ಕನ್ನಡದವರಾ?"

"ನಾನು ಈ ಊರವಳಪ್ಪಾ," ಅಂದಳು ಅಜ್ಜಿ. "ಬಾಯಿ ಮಾತ್ರ ಕನ್ನಡದ್ದು."

ಅಜ್ಜಿಯ ಹೆಸರು ಸುಬ್ಬಾತಾಳ್. ನಮ್ಮವರು ಯಾವ ಕಾಲದಲ್ಲಿ ಘಟ್ಟ ಇಳಿದು ಬಂದರೋ ಯಾರಿಗೂ ನೆನಪಿಲ್ಲ. ತಾತ ಇರುವವರೆಗೆ ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು. ತಾತ ಹೋದ ಮೇಲೆ ಅವಳು ಕನ್ನಡದಲ್ಲಿ ಕೇಳುತ್ತಾಳೆ, ನಾವು ತಮಿಳಿನಲ್ಲಿ ಉತ್ತರ ಕೊಡುತ್ತೇವೆ. ಅಮ್ಮ ತಮಿಳಿನವಳು, ಅವಳನ್ನು ಅನ್ನುವ ಹಾಗಿಲ್ಲ. ನನ್ನನ್ನು ಅನ್ನಬಹುದು.

ಸೋಮಣ್ಣ ಉತ್ತರ ಕೊಟ್ಟರು. ಅಷ್ಟೇ ಸಾಕಾಯಿತು. ಅವರು ಬರುವ ದಿನ ಅಜ್ಜಿ ಸಂಜೆಗೇ ಅಡುಗೆ ಮುಗಿಸಿ, ಸೆರಗು ಸರಿಮಾಡಿಕೊಂಡು ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂರುತ್ತಿದ್ದಳು. ಅವರು ಮಾತಿಗೆ ಮುಂಚೆ 'ನೀವು' ಅನ್ನುತ್ತಿದ್ದರು. ಇವಳು ಎರಡನೇ ಸಲಕ್ಕೇ 'ಸೋಮಾ, ನೀನು' ಅಂತ ಇಳಿದುಬಿಟ್ಟಳು. ಇವಳು ಜನ್ನಲು ಅಂದರೆ ಅವರು ಕಿಟಕಿ ಅನ್ನೋದು, ಇವಳು ತಣ್ಣಿ ಅಂದರೆ ಅವರು ನೀರು ಅನ್ನೋದು, ಇಬ್ಬರೂ ನಗೋದು.

"ನಿನ್ನ ಕನ್ನಡ ಇಸ್ತ್ರಿ ಹಾಕಿದ ಹಾಗಿದೆ ಸೋಮಾ," ಅಂತ ಒಮ್ಮೆ ಕಾಲೆಳೆದಳು. "ಕೂತ್ರೆ ನಿಂತ್ರೆ ಸುಕ್ಕು ಬೀಳೋಲ್ವಾ?"

ನನಗೆ ಕನ್ನಡ ಅಕ್ಷರ ಕಲಿಸಿದವರೂ ಅವರೇ, ನಕ್ಷತ್ರಪಟದ ಬೆನ್ನಿಗೆ ಬರೆದು ಬರೆದು. ಈ ಸಿಟ್ಟನ್ನು ಅವರು ಕಲಿಸಿದ ಅಕ್ಷರದಲ್ಲೇ ಬರೆಯಬೇಕಾಗಿದೆ, ಅದೊಂದು ಕರ್ಮ.

ಅವರು ಹಿಡಿಯಲು ಹೊರಟದ್ದು ತ್ರಿಕೋನ ನಕ್ಷತ್ರಪುಂಜದ ಕಡೆಯ ಒಂದು ಗ್ಯಾಲಕ್ಸಿ. ಬರಿಗಣ್ಣಿಗೆ ನಮ್ಮ ಕತ್ತಲಲ್ಲೂ ಅದು ಕಾಣಿಸದು. ಒಂದೇ ಫೋಟೋದಲ್ಲೂ ಸಿಗುವುದಿಲ್ಲ. ರಾತ್ರಿ ರಾತ್ರಿ ಬಿದ್ದ ಬೆಳಕನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು, ಆಗ ಸುರುಳಿ ಮೇಲೇಳುತ್ತದೆ. ಒಂಟಿ ಫೋಟೋ ನೋಡಿದಾಗ ಅಜ್ಜಿ, ಇದು ಒಲೆ ಒರೆಸಿದ ಬಟ್ಟೆ ಅಂದಿದ್ದಳು. ಮುಂದಿನ ತಿಂಗಳು ಪೇರಿಸಿದ್ದನ್ನು ತೋರಿಸಿದಾಗ ಲ್ಯಾಪ್‌ಟಾಪಿನ ಹತ್ತಿರಕ್ಕೆ ಮುಖ ತಂದು ಬಹಳ ಹೊತ್ತು ನೋಡಿದಳು. ಹಾಲು ಕಾಯಿಸಿದ ಹಾಗೆ, ಕೆನೆ ಕಟ್ಟೋವರೆಗೆ ತಾಳಬೇಕು, ಅಲ್ವಾ ಅಂತ ಕೇಳಿದಳು. ಸೋಮಣ್ಣ ಆಮೇಲೆ ಕ್ಲಬ್ಬಿನಲ್ಲಿ ಹೊಸಬರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಕೆನೆ ಕಟ್ಟಿದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಿಮ್ಮ ನಡುಮನೆಗೆ ತರುತ್ತೇನೆ, ಕೆಳಗೆ ಕನ್ನಡದಲ್ಲಿ ನಿಮ್ಮ ಹೆಸರು ಇರುತ್ತದೆ ಅಂತ ಅವರು ಮಾತು ಕೊಟ್ಟರು. ಓದೋರು ಯಾರು ಅಂದಳು ಅಜ್ಜಿ. ನಂಜುಂಡ ಓದುತ್ತಾನೆ ಅಂದರು. ಅವಳು ನನ್ನ ಕಡೆ ತಿರುಗಿ ನೋಡಿದ ನೋಟ ನಾನು ಯಾವ ಪರೀಕ್ಷೆ ಪಾಸು ಮಾಡಿದ್ದರೂ ಸಿಗುತ್ತಿರಲಿಲ್ಲ.

ಪ್ರತಿ ಸಲ ಎಂಬತ್ತು ಕಿಲೋಮೀಟರು ಬಂದು ಹೋಗಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ದೂರದರ್ಶಕವನ್ನು ಇಂಟರ್‌ನೆಟ್ಟಿನಲ್ಲಿ ಮನೆಯಿಂದಲೇ ತಿರುಗಿಸುವ ಏರ್ಪಾಡು ಮಾಡಿದರು. ಮಾಡು ಮಾತ್ರ ಕೈಯಿಂದಲೇ. ಸಂಜೆ ಅಜ್ಜಿ ಹಗ್ಗ ಎಳೆದು ತೆರೆಯುವುದು, ಬೆಳಗಿನ ಜಾವ ಎದ್ದು ಎಳೆದು ಮುಚ್ಚುವುದು. ಒಳಗೆ ಒಂದು ಪುಟ್ಟ ಕ್ಯಾಮೆರಾ ಇತ್ತು, ಆದರೆ ಅದರ ಕಣ್ಣಿಗೆ ಕಪ್ಪು ತಗಡೂ ಒಂದೇ, ಕಪ್ಪು ಆಕಾಶವೂ ಒಂದೇ. ಮಾಡು ಮುಚ್ಚಿರುವಾಗ ದೂರದರ್ಶಕ ಮಲಗಿಯೇ ಇರಬೇಕು. ಎದ್ದರೆ ತಲೆ ಮಾಡಿಗೆ ಹೊಡೆಯುತ್ತದೆ. ಇದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದಕ್ಕೇ ಸೋಮಣ್ಣ ಯಾವಾಗಲೂ ಮೊದಲು ಅಜ್ಜಿಗೆ ಫೋನ್ ಮಾಡಿ, ಬಾವಿ ಪಕ್ಕದ ತೆಂಗಿನ ಮೇಲೆ ಅಶ್ವಿನಿ ನಕ್ಷತ್ರ ಬಂತಾ ಅಂತ ಕೇಳುತ್ತಿದ್ದರು. ಬಂತು ಅಂದರೆ ಮಾಡೂ ತೆರೆದಿದೆ, ಆಕಾಶವೂ ತೆರೆದಿದೆ ಅಂತ ಅರ್ಥ.

ಐಪ್ಪಸಿಯ ಒಂದು ಸಂಜೆ ಯಾಕೋ ಅವರ ಬಾಯಿಗೆ ಬೇರೆ ಪದ ಬಂತು. ನಾನು ಪೋತ್ತನೂರಿನಲ್ಲಿದ್ದೆ. ನನಗೆ ತಲುಪಿದ್ದು ಸುದ್ದಿ ಮಾತ್ರ. ಸೋಮಣ್ಣ ಫೋನ್ ಮಾಡಿದರು, ಅಜ್ಜಿ ಏನೋ ಹೇಳಿದಳು, ಅವರು ಅಲ್ಲಿಂದ ದೂರದರ್ಶಕ ಎಬ್ಬಿಸುವ ಗುಂಡಿ ಒತ್ತಿದರು. ದೂರದರ್ಶಕ ತಲೆಯೆತ್ತಿ ಮುಚ್ಚಿದ ಮಾಡಿನ ಕಬ್ಬಿಣಕ್ಕೆ ಹೊಡೆಯಿತು. ಮೋಟಾರು ನಿಲ್ಲಲಿಲ್ಲ, ತಳ್ಳುತ್ತಲೇ ಇತ್ತು. ಅಜ್ಜಿ ಓಡಿಹೋಗಿ ಸಿಕ್ಕ ವೈರನ್ನೆಲ್ಲ ಕಿತ್ತೆಳೆದಳು. ಅಷ್ಟರಲ್ಲಿ ದೂರದರ್ಶಕದ ಕ್ಯಾಮೆರಾ ಮುರಿದು ನೆಲಕ್ಕೆ ಬಿದ್ದಿತ್ತು, ಒಳಗಿನ ದೊಡ್ಡ ಕನ್ನಡಿ ಸೀಳಿತ್ತು.

ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಯಿತು. ಮುದುಕಿ ನಿದ್ದೆಗಣ್ಣಲ್ಲಿ ಏನೋ ಹೇಳಿರಬೇಕು. ಎದ್ದು ನೋಡದೇ ಹೇಳಿರಬೇಕು. ಹಳ್ಳಿಯವರ ಕೈಗೆ ಇಂಥದ್ದು ಕೊಡಬಾರದಿತ್ತು. ಸೋಮಣ್ಣ ಅದರಲ್ಲಿ ಒಂದಕ್ಷರ ಬರೆಯಲಿಲ್ಲ. ಅಜ್ಜಿಗೆ ಫೋನ್ ಮಾಡಿದೆ. ಅವಳು ಅಳುತ್ತಿರಲಿಲ್ಲ. ನಾನು ಸರಿಯಾಗೇ ಹೇಳಿದೆ ನಂಜುಂಡಾ ಅಂತ ಮಾತ್ರ ಅಂದಳು.

ಭಾನುವಾರ ಸಂಜೆ ರಾಮ್‌ಕುಮಾರ್ ಸಾರ್ ಮನೆಯಲ್ಲಿ ಮೀಟಿಂಗ್. ಕೆಲಸದ ಅಂಗಿಯಲ್ಲೇ ಹೋದೆ, ಬೇಕೆಂತಲೇ. ಕಾಫಿ ಕೊಟ್ಟರು, ಮುಟ್ಟಲಿಲ್ಲ. ಸೋಮಣ್ಣ ತಲೆ ತಗ್ಗಿಸಿ ಕೂತಿದ್ದರು. ಏನು ನಡೆಯಿತು ಅಂತ ಸಾರ್ ತಮಿಳಿನಲ್ಲಿ ಕೇಳಿದಾಗ, ಅವರು ತಮ್ಮ ಆಫೀಸಿನ ತಮಿಳಿನಲ್ಲಿ ಹೇಳಿದರು: ನಕ್ಷತ್ರ ಹುಟ್ಟಿತಾ ಅಂತ ಕೇಳಿದೆ, ಆಗಲೇ ಹುಟ್ಟಿ ಆಯ್ತು ಅಂದರು.

ನಮ್ಮಜ್ಜಿ ಸುಳ್ಳು ಹೇಳುವವಳಲ್ಲ ಅಂತ ಎದ್ದು ನಿಂತೆ. ಬೇಕಾದರೆ ಅವಳನ್ನೇ ಕೇಳಿ ಅಂತ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟೆ. ಅಮ್ಮಾ, ಅವರು ಕೇಳಿದ್ದಕ್ಕೆ ನೀವು ಹೇಳಿದ ಮಾತು ಯಾವುದು, ಅದನ್ನೇ ಹಾಗೇ ಹೇಳಿ ಅಂತ ಸಾರ್ ಮರ್ಯಾದೆಯಾಗಿಯೇ ಕೇಳಿದರು.

ಅಜ್ಜಿಯ ದನಿ ಬಂತು. "ತೂರಲು ಬಿತ್ತು, ನಾಲ್ಕು ಹನಿ. ಓಡಿಹೋಗಿ ಹಗ್ಗ ಎಳೆದೆ. ಅಷ್ಟರಲ್ಲಿ ಸೋಮ ಫೋನ್ ಮಾಡಿ, ಮೂಡಿತಾ ಅಜ್ಜಿ ಅಂದ. ಆಗಲೇ ಮೂಡಿಯಾಯ್ತು ಸೋಮಾ ಅಂದೆ."

ಆಮೇಲೆ ರಾಮ್‌ಕುಮಾರ್ ಸಾರ್ ಕುರ್ಚಿಗೆ ಒರಗಿ, "ಮೂಡಿಯಾಚ್ಚು," ಅಂದರು. ಪಕ್ಕದವರು ನಕ್ಕರು. ಇನ್ನೊಬ್ಬರು ನಕ್ಕರು. ಕೆಟ್ಟ ನಗೆ ಅಲ್ಲ, ಗಂಟು ಬಿಚ್ಚಿಕೊಂಡದ್ದರ ನಗೆ. ತಮಿಳಿನಲ್ಲಿ ಮೂಡು ಅಂದರೆ ಮುಚ್ಚು. ನಮ್ಮ ಮನೆಯ ಕನ್ನಡದಲ್ಲೂ ಹಾಗೇ: ಬಾಗಿಲು ಮೂಡು, ಪಾತ್ರೆ ಮೂಡು. ಹಾಸನದ ಕನ್ನಡದಲ್ಲಿ ಮೂಡುವುದು ಸೂರ್ಯ, ಚಂದ್ರ, ನಕ್ಷತ್ರ ಮಾತ್ರ. ಅವರು ನಕ್ಷತ್ರ ಕೇಳಿದರು, ಇವಳು ಮಾಡು ಹೇಳಿದಳು. ಅಲ್ಲಿ ಕೂತಿದ್ದ ತಮಿಳರೆಲ್ಲರಿಗೂ ಅಜ್ಜಿಯ ಕನ್ನಡ ತಿಳಿಯಿತು. ತಿಳಿಯದೇ ಹೋದದ್ದು ಒಬ್ಬ ಕನ್ನಡಿಗರಿಗೆ.

ಅವರಿಗೂ ಅಷ್ಟು ತಮಿಳು ಗೊತ್ತಿತ್ತು. ಬೇರೆ ಯಾರಾದರೂ ಹೇಳಿದ್ದರೆ ತಟ್ಟನೆ ತಿಳಿಯುತ್ತಿತ್ತು. ಆದರೆ ಅಜ್ಜಿಯ ಜೊತೆ ಅವರ ಕಿವಿ ಊರಿಗೆ ಹೋಗಿಬಿಡುತ್ತಿತ್ತು.

ನಗು ಅವರಿಗೆ ತಾಗಿತು. ಮುಖ ಕೆಂಪಾಯಿತು. ಯಾರನ್ನೂ ನೋಡದೆ, ತಮಿಳಿನಲ್ಲೂ ಅಲ್ಲ, ಕನ್ನಡದಲ್ಲೇ ಅಂದರು:

"ಅದು ಕನ್ನಡವೇ ಅಲ್ಲ."

ಫೋನ್ ಇನ್ನೂ ಮೇಜಿನ ಮೇಲೆ ಉರಿಯುತ್ತಿತ್ತು. ಆ ಕೋಣೆಯಲ್ಲಿ ಆ ಮಾತು ನಾಟಿದ್ದು ನನಗೆ. ಇನ್ನೊಬ್ಬಳಿಗೆ ಮಡತ್ತುಕುಳಂನಲ್ಲಿ. ಆ ಕಡೆ ಹಿಂದೆ ಎಲ್ಲೋ ಎಮ್ಮೆ ಕೂಗಿತು. ಆಮೇಲೆ ಲೈನು ಕಟ್ಟಾಯಿತು.

ನಾನು ಬೈದೆ. ನನಗೆ ಬರುವ ಎರಡೂ ಭಾಷೆಯಲ್ಲಿ ಬೈದೆ. ಅಜ್ಜಿ ಬೆಳಗಿನ ಜಾವದ ಚಳಿಯಲ್ಲಿ ಹಗ್ಗ ಎಳೆದದ್ದು ಯಾವ ಭಾಷೆಯಲ್ಲಿ, ಅದಕ್ಕೆ ಇಸ್ತ್ರಿ ಬೇಕಿತ್ತಾ ಅಂತ ಕೇಳಿದೆ. ಸಾರ್ ನನ್ನ ಹೆಗಲು ಹಿಡಿದರು. ಸೋಮಣ್ಣ 'ನಂಜುಂಡ, ನಾನು ಹಾಗಲ್ಲ' ಅಂತ ಏನೋ ಶುರುಮಾಡಿ ಮುಗಿಸಲಿಲ್ಲ. ಕೋಪ ನನ್ನದು ನ್ಯಾಯವಾಗಿಯೇ ಇತ್ತು, ಈಗಲೂ ಇದೆ. ಆದರೆ ಅದರಿಂದ ಆದದ್ದೇನು? ಒಂದು ಬೋಲ್ಟೂ ಬಿಗಿಯಾಗಲಿಲ್ಲ.

ಕ್ಲಬ್ಬಿನವರು ಅಜ್ಜಿಯ ತಪ್ಪಿಲ್ಲ ಅಂತ ಗುಂಪಿನಲ್ಲಿ ಬರೆದರು. ಒಡೆದದ್ದನ್ನು ಬಂದು ಕೊಂಡೊಯ್ದರು. ಹೊಸದನ್ನು ಎಲ್ಲಿ ಇಡುವುದು ಅಂತ ನಮ್ಮನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ.

ಅಜ್ಜಿ ಬದಲಾದದ್ದು ಯಾರಿಗೂ ಕಾಣುವಂತಿರಲಿಲ್ಲ. ಊಟ ಮಾಡುತ್ತಿದ್ದಳು, ಎಮ್ಮೆ ಕರೆಯುತ್ತಿದ್ದಳು. ಆ ವಾರ ಮನೆಗೆ ಹೋದಾಗ, ಸಾಪ್ಟಿಯಾ ಅಂತ ಕೇಳಿದಳು. ಊಟ ಆಯ್ತಾ ಅಂತ ಕೇಳುತ್ತಿದ್ದವಳು. ಅಮ್ಮನ ಜೊತೆ ಮಾತಾಡುವ ಗುಂಗಿನಲ್ಲಿ ಹಾಗಂದಳು ಅಂದುಕೊಂಡೆ. ಮಾರನೆಯ ದಿನ ಎಮ್ಮೆಯನ್ನೂ ತಮಿಳಿನಲ್ಲೇ ಬೈದಳು. ಎಮ್ಮೆ ಕದಲಲಿಲ್ಲ. ಅದಕ್ಕೆ ತಿಳಿಯಲಿಲ್ಲ, ಪಾಪ.

ಪೊಂಗಲ್ ಕಳೆದ ಮೇಲೆ ಒಂದು ಮಧ್ಯಾಹ್ನ ಸೋಮಣ್ಣ ಬಂದರು. ಬಸ್ಸಿನಲ್ಲಿ ಬಂದು, ರಸ್ತೆಯಿಂದ ನಡೆದು, ಕಂಕುಳಲ್ಲಿ ಕಾಗದ ಸುತ್ತಿದ ದೊಡ್ಡ ಚೌಕಟ್ಟು ಹಿಡಿದು. ಹೊರಗೇ ನಿಲ್ಲಿಸಬೇಕು ಅಂತ ಎದ್ದೆ. ಅಜ್ಜಿ ಒಳಗಿನಿಂದ ನೋಡಿದಳು.

"ವಾಂಗ ಸಾರ್," ಅಂದಳು. "ಉಕ್ಕಾರುಂಗ."

ಬನ್ನಿ, ಕೂತುಕೊಳ್ಳಿ. ಹೊಸಬರಿಗೆ, ಬ್ಯಾಂಕಿನವರಿಗೆ, ಕರೆಂಟಿನವರಿಗೆ ಅಂಟಿಸುವ ಬಾಲ ಅದು, ಆ 'ಉಂಗ'. ಮರ್ಯಾದೆಗೆ ಒಂದು ಚೂರೂ ಕಡಿಮೆ ಇಲ್ಲ. ಸೋಮಣ್ಣ ಚೌಕಟ್ಟು ಹಿಡಿದುಕೊಂಡೇ ನಿಂತರು.

ಕೂತರು, ಕೊನೆಗೆ. ಅಜ್ಜಿ ಮಜ್ಜಿಗೆ ಕೊಟ್ಟಳು. ಅವರು ಕನ್ನಡದಲ್ಲಿ ಕ್ಷಮೆ ಕೇಳಿದರು, ಸುತ್ತಿ ಬಳಸದೆ, ನಾಚಿಕೆಯಲ್ಲಿ ಆಡಬಾರದ ಮಾತು ಆಡಿದೆ ಅಂತ. ಪರವಾಯಿಲ್ಲೈ ಸಾರ್ ಅಂದಳು. ಅದರಲ್ಲಿ ಮುನಿಸು ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಅಜ್ಜಿ, ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿ, ಅಂತ ಅವರು ಬೇಡಿದರು. ತಮಿಳಿನಲ್ಲಿ ಮಾತಾಡಿದರೆ ಯಾರದ್ದೂ ಏನೂ ಒಡೆಯುವುದಿಲ್ಲವಲ್ಲ ಸಾರ್ ಅಂದಳು, ತಮಿಳಿನಲ್ಲೇ, ನಗುತ್ತ.

ಕಾಗದ ಬಿಚ್ಚಿದರು. ಕ್ಯಾಮೆರಾ ಬೀಳುವವರೆಗೆ ಸೇರಿಸಿದ್ದ ಬೆಳಕು ಅಷ್ಟೇ. ನಡುವೆ ಸುರುಳಿ ಚೆನ್ನಾಗಿಯೇ ಎದ್ದಿತ್ತು. ಅಂಚಿಗೆ ಬರುತ್ತ ಬರುತ್ತ ಮರಳು ಮರಳು. ಕೆನೆ ಪೂರ್ತಿ ಕಟ್ಟಲಿಲ್ಲ ಅಜ್ಜಿ ಅಂದರು. ಕೆಳಗೆ ಬಿಳಿ ಅಕ್ಷರದಲ್ಲಿ ಹೆಸರು. ಅಜ್ಜಿ ಅಕ್ಷರದ ಮೇಲೆ ಬೆರಳಾಡಿಸಿ ನನ್ನ ಕಡೆ ನೋಡಿದಳು.

ಸುಬ್ಬಾತಾಳ್, ಅಂತ ಓದಿದೆ.

ಕತ್ತಲಾಗುವ ಮೊದಲು ಬಸ್ಸಿದೆ ಅಂತ ಅವರು ಎದ್ದರು. ಹೊರಗೆ ತೋಟದಿಂದ ಗಾಳಿ ಎದ್ದು ನಡುಮನೆಗೆ ಧೂಳು ನುಗ್ಗುತ್ತಿತ್ತು. ಹೊಸ್ತಿಲು ದಾಟಿದವರು ತಿರುಗಿ, ಬಾಗಿಲಿನ ಹಿಡಿಗೆ ಕೈಯಿಟ್ಟು ನಿಂತರು. ಏನೋ ಯೋಚಿಸಿದರು. ಆ ಪದವನ್ನು ಅವರು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದರೋ ಏನೋ.

"ಅಜ್ಜಿ, ಬಾಗಿಲು ಮೂಡ್ಲಾ?"

ಅಜ್ಜಿ ಖಾಲಿ ಲೋಟ ತೆಗೆಯುತ್ತಿದ್ದಳು. ಕೈ ನಿಂತಿತು. ಅವಳ ತುಟಿ ಅಲುಗಿದ್ದನ್ನು ನಾನು ನೋಡಿದೆ. ಸೋಮಾ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಅಂತ ಇಬ್ಬರೂ ಕಾದೆವು.

"ಮೂಡುಂಗ ಸಾರ್," ಅಂದಳು.

ಅವರು ಸದ್ದಾಗದ ಹಾಗೆ ಮೂಡಿದರು.