ಮೊದಲು ಹೋಗಿಬಂದವಳು

"ಸಗಣಿ ತಗಿಯೂದ ಬಿಟ್ಟ ಸೊಂಟ ಹಿಡಕೊಂಡ ಯಾಕ ನಿಂತೀ, ರಂಡಿ? ಈ ವಯಸ್ಸಿನ್ಯಾಗೂ ಬಸರೇನ?"

ಬೈದವಳು ಮನೆಯೊಡತಿ ಸೋಮವ್ವ. ಕೃಷ್ಣವ್ವ ಮತ್ತೆ ಬಾಗಿದಳು. ಉಗರಗೋಳದ ನಿಜಗುಣಪ್ಪನ ದನದ ಕೊಟ್ಟಿಗೆಯ ಸಗಣಿ ಬಳಿಯುವುದು, ಗಂಡ ತೀರಿದಂದಿನಿಂದ ಅವಳ ಪಾಲಿಗೆ ಬಂದ ಕೆಲಸ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು.

ಹಿಂದಿನ ದಿನ ಕೇರಿಗೆ ಬಂದ ನರ್ಸಬಾಯಿ, ಗುರುವಾರ ಸವದತ್ತಿಯ ದವಾಖಾನೆಯಲ್ಲಿ ಗರ್ಭಚೀಲದ ಬಾಯಿಯ ಕ್ಯಾನ್ಸರ್ ತಪಾಸಣೆ ಇದೆಯೆಂದು ಹೇಳಿ ಹೋಗಿದ್ದಳು. ಆಕೆಯ ಬೆನ್ನು ಮರೆಯಾಗುವಷ್ಟರಲ್ಲಿ, ನಿಜಗುಣಪ್ಪನ ಮನೆಯೆದುರಿನ ನಳದ ಬಳಿ ಆ ಮಾತು ಬೇರೊಂದು ರೂಪ ತಾಳಿತ್ತು.

"ಅದ ಏಡ್ಸಿನ ಪರೀಕ್ಷಾ. ಹೆಸರಷ್ಟ ಬದ್ಲಿ ಮಾಡ್ಯಾರ," ಎಂದಳು ಕೃಷ್ಣವ್ವನ ನೆರೆಮನೆಯ ಬೀರವ್ವ. "ಹ್ವಾದ ವರ್ಷ ಗುಡ್ಡದ ಜೋಗತ್ಯಾರ್ನ ಜೀಪಿನ್ಯಾಗ ಹೇರಕೊಂಡ ಹೋಗಲಿಲ್ಲೇನ?"

"ನನ್ನ ಜೋಡಿ ಬರತೀಯೇನ, ಬೀರವ್ವಾ?" ಕೃಷ್ಣವ್ವ ಕೇಳಿದ್ದಳು.

"ಮನ್ಯಾಗ ಮದವಿಗೆ ಬಂದ ಮಗಳದಾಳ, ಯವ್ವಾ. ನಾಳೆ ಆಕಿನ್ನ ಯಾರ ಮಾಡಕೋತಾರ?"

ಇಂದು ಕೊಟ್ಟಿಗೆಯ ಕೆಲಸ ಮುಗಿಸಿ ಕೃಷ್ಣವ್ವ ಸೋಮವ್ವನಿಗೆ ಹೇಳಿದಳು: "ಗುರುವಾರ ಬರಾಂಗಿಲ್ರಿ, ಎವ್ವಾರ. ಮುಟ್ಟ ನಿಂತಾಕಿಗೆ ಮತ್ತ ರಗತ ಹೊಂಟೈತಿ, ದವಾಖಾನಿಗೆ ಹೋಗತೇನಿ."

ಒಳಗೆ ಸೋಮವ್ವನ ಗಂಡ ನಿಜಗುಣಪ್ಪ ಲಿಂಗಪೂಜೆಗೆ ಕುಳಿತಿದ್ದ. ಪಂಚಾಕ್ಷರಿಯ ಮಂದ್ರಧ್ವನಿ ತೊಲೆಗಳಲ್ಲಿ ಅನುರಣಿಸುತ್ತಿತ್ತು. ಆ ಧ್ವನಿಯ ಮರೆಯಲ್ಲಿ ಸೋಮವ್ವ ಹತ್ತಿರ ಸರಿದಳು.

"ನನಗೂ ಹಂಗ ಆಗಾಕ ಹತ್ತೇತಿ. ನೀ ಮೊದಲ ಹೋಗಿ ಬಾ. ನೋಡಾಂವ ಗಂಡಸೋ ಹೆಂಗಸೋ, ತ್ರಾಸ ಆಗತೈತೋ ಇಲ್ಲೋ, ಬಂದ ಹೇಳ. ನಿಂದೇನ ಮರ್ಯಾದಿ ಹೋಗೂದೈತಿ?"

ಗುರುವಾರದ ಬಸ್ಸಿನಲ್ಲಿ ಅವಳ ಪಕ್ಕದ ಆಸನದಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಪರೀಕ್ಷಿಸಿ ಕೈ ತೊಳೆದುಕೊಂಡ ಡಾಕ್ಟರಬಾಯಿ, "ನಿನ್ನ ಜೋಡಿ ಯಾರ ಬಂದಾರ?" ಎಂದಳು. ಕೃಷ್ಣವ್ವ ಹಿಂತಿರುಗಿ ನೋಡಿದಳು. ಬಾಗಿಲ ಪರದೆ ಗಾಳಿಗೆ ಅಲುಗುತ್ತಿತ್ತು.

ಮರುದಿನ ಬೆಳಗ್ಗೆ ಸೋಮವ್ವನ ಮನೆಯ ಹಿತ್ತಲ ಬಾಗಿಲು ಗೇಣಗಲ ತೆರೆಯಿತು.

"ಬಂದಿ? ಮೆಲ್ಲಕ ಹೇಳ. ನಳದ ಕಡಿ ಹೆಂಗಸರಿಗೆ ಕೇಳೀತು."

ಕೃಷ್ಣವ್ವ ಬುಟ್ಟಿಯನ್ನು ಕೆಳಗಿಟ್ಟಳು. ಗೋಡೆಗುಂಟ ನಡೆದು, ಮನೆಯ ಮುಂದೆ ಬಂದು, ತನ್ನ ಕೇರಿಯವರು ಯಾರೂ ಮೆಟ್ಟದ ಕಟ್ಟೆಯನ್ನು ಹತ್ತಿ ನಿಂತಳು. ನಳದ ಬಳಿಯ ಹೆಂಗಸರು ತಿರುಗಿ ನೋಡಿದರು.

"ಕೇಳ್ರೇ! ನೋಡಿದಾಕಿ ಹೆಂಗಸ. ತ್ರಾಸ ಆಗಂಗಿಲ್ಲ. ಅದ ಏಡ್ಸಿಂದಲ್ಲ. ನನ್ನ ಗರ್ಭಚೀಲದ ಬಾಯಾಗ ಹುಣ್ಣ ಐತಿ, ಹುಬ್ಬಳ್ಳಿಗೆ ಹೋಗಂದಾರ. ಮೊದಲ ಬಂದಿದ್ರ ಹಗುರ ಇತ್ತಂತ. ಬರೂ ಗುರುವಾರನೂ ನೋಡತಾರ. ಯಾರ್‍ಯಾರ ಬರತೀರಿ?"

ಸೋಮವ್ವನ ಹೆಸರನ್ನು ಅವಳು ಎತ್ತಲಿಲ್ಲ. ಆದರೂ ಮನೆಯ ಹಿಂದೆ ಅಗುಳಿ ಬಿದ್ದ ಸದ್ದಾಯಿತು.

ವಿಭೂತಿ ಇನ್ನೂ ಆರದ ಹಣೆಯೊಂದಿಗೆ ನಿಜಗುಣಪ್ಪ ಹೊರಬಂದ. "ಯಾವಾಕಿ ಅದು ಕಟ್ಟಿ ಹತ್ತಿದಾಕಿ? ಇಳೀ ಕೆಳಗ, ಹೊಲಸ ಬಾಯಿ ರಂಡಿ!"

ಕೃಷ್ಣವ್ವ ಇಳಿಯಲಿಲ್ಲ. ನಳಕ್ಕೆ ಕೊಡ ಇಟ್ಟಿದ್ದ ಬೀರವ್ವನನ್ನೇ ನೋಡುತ್ತ, "ಯಾರ ಬರತೀರಿ?" ಎಂದು ಮತ್ತೊಮ್ಮೆ ಕೂಗಿದಳು.

ಬೀರವ್ವನ ಕೊಡ ತುಂಬಿ, ತುಳುಕಿ, ನೀರು ಅವಳ ಪಾದಗಳ ಮೇಲೆ ಹರಿಯುತ್ತಿತ್ತು.